ಬ್ರೇಕ್ ದೀಪ, ಎಬಿಎಸ್ ದೀಪ, ಜಾರುವ ಕಾರಿನ ದೀಪ: ಯಾವುದಕ್ಕೆ ಗಾಡಿ ನಿಲ್ಲಿಸಬೇಕು?

[ದೃಶ್ಯ: ಕೀ ತಿರುಗುತ್ತದೆ. ಡ್ಯಾಶ್‌ಬೋರ್ಡ್‌ನ ದೀಪಗಳೆಲ್ಲ ಒಟ್ಟಿಗೆ ಹತ್ತಿ, ಒಂದೊಂದಾಗಿ ಆರುತ್ತವೆ.]

ನಮಸ್ಕಾರ. ಇಗ್ನಿಷನ್ ಆನ್ ಮಾಡಿದ ತಕ್ಷಣ ಇಷ್ಟೊಂದು ದೀಪ ಹತ್ತುತ್ತವೆ, ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತವೆ. ನಾವು ಅತ್ತ ನೋಡುವುದೇ ಇಲ್ಲ, ಅಲ್ವಾ? ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಹೊತ್ತು ಅದು. ಆರದೆ ಉಳಿದ ದೀಪ ತೊಂದರೆ ಹೇಳುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಹತ್ತಬೇಕಾದ ದೀಪ ಹತ್ತದಿದ್ದರೆ ಅದೂ ತೊಂದರೆಯೇ. ಹಳೇ ಕಾರು ಕೊಳ್ಳಲು ಹೋದಾಗ ಇದನ್ನು ಮರೆಯಬೇಡಿ. ಕೀ ಆನ್ ಮಾಡಿದಾಗ ಎಬಿಎಸ್ ದೀಪ, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆಯ ದೀಪ, ಒಮ್ಮೆಯೂ ಮಿನುಗಲಿಲ್ಲ ಎಂದರೆ, ಯಾರೋ ಅದರ ಬಾಯಿ ಮುಚ್ಚಿಸಿರಬಹುದು.

ಇವತ್ತು ಬ್ರೇಕ್‌ಗೆ ಸಂಬಂಧಿಸಿದ ದೀಪಗಳನ್ನು ಮಾತ್ರ ನೋಡೋಣ. ನನ್ನ ಮಾತು ಇಷ್ಟೇ: ಒಂದೇ ದೀಪ ನೋಡಿ ಗಾಬರಿಯಾಗಬೇಡಿ, ಧೈರ್ಯವನ್ನೂ ತಂದುಕೊಳ್ಳಬೇಡಿ. ಯಾವ ದೀಪದ ಜೊತೆ ಯಾವುದು ಹತ್ತಿದೆ, ಮಿನುಗುತ್ತಿದೆಯಾ ಅಥವಾ ಒಂದೇ ಸಮನೆ ಉರಿಯುತ್ತಿದೆಯಾ ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

[ಪರದೆಯಲ್ಲಿ: ಕೆಂಪು ವೃತ್ತ, ಒಳಗೆ ಆಶ್ಚರ್ಯಸೂಚಕ ಚಿಹ್ನೆ, ಎರಡು ಬದಿಗೆ ಕಮಾನು]

ಮೊದಲು ಕೆಂಪು ದೀಪ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಇದು ಹತ್ತುತ್ತದೆ. ಪೂರ್ತಿ ಇಳಿಸಿದ್ದೀರಾ ನೋಡಿ. ಲಿವರ್ ಒಂದೇ ಒಂದು ಹಲ್ಲು ಮೇಲೆ ನಿಂತಿದ್ದರೂ ದೀಪ ಆರುವುದಿಲ್ಲ.

ಇಳಿಸಿದ ಮೇಲೂ ಉರಿಯುತ್ತಿದೆಯಾ? ಹಾಗಾದರೆ ಬ್ರೇಕ್ ಆಯಿಲ್ ಮೇಲೆ ಅನುಮಾನ ಪಡಬೇಕು. ಬಾನೆಟ್ ಒಳಗೆ, ಸಾಮಾನ್ಯವಾಗಿ ಡ್ರೈವರ್ ಕಡೆಗೆ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರ ಮೇಲೆ ಮ್ಯಾಕ್ಸ್, ಮಿನ್ ಎಂಬ ಎರಡು ಗೆರೆ. ಒಳಗೆ ತೇಲುವ ಒಂದು ಸೆನ್ಸರ್. ಆಯಿಲ್ ಇಳಿದಾಗ ಅದು ದೀಪ ಹೊತ್ತಿಸುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲೇ. ಆಯಿಲ್ ಕಡಿಮೆ ಇದೆ, ಹಾಕಿಬಿಡೋಣ, ದೀಪ ಆರುತ್ತದೆ, ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯಲಿಲ್ಲ. ಬ್ರೇಕ್ ಆಯಿಲ್ ಪೆಟ್ರೋಲ್ ತರಹ ಖರ್ಚಾಗುವ ವಸ್ತು ಅಲ್ಲ. ಅದು ಮುಚ್ಚಿದ ಪೈಪಿನೊಳಗೇ ಇರುತ್ತದೆ. ಇಳಿದಿದೆ ಎಂದರೆ ಎಲ್ಲಿಗೋ ಹೋಗಿದೆ.

[ಚಿತ್ರ: ಹೊಸ ಪ್ಯಾಡ್ ಮತ್ತು ಸವೆದ ಪ್ಯಾಡ್ ಅಕ್ಕಪಕ್ಕ. ಪಿಸ್ಟನ್ ಹೊರಗೆ ಬರುವುದು ಬಾಣದ ಗುರುತಿನಲ್ಲಿ.]

ಹೋಗುವ ದಾರಿ ಎರಡು. ಒಂದು, ಪ್ಯಾಡ್ ಸವೆದಿದೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿದು ಗಾಡಿ ನಿಲ್ಲಿಸುವ ಪಟ್ಟಿಯೇ ಪ್ಯಾಡ್. ಪ್ಯಾಡ್ ತೆಳ್ಳಗಾದಷ್ಟೂ ಅದನ್ನು ತಳ್ಳುವ ಪಿಸ್ಟನ್ ಮುಂದೆ ಬರುತ್ತದೆ. ಅದರ ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಇದು ನಿಧಾನವಾಗಿ, ತಿಂಗಳುಗಟ್ಟಲೆ ನಡೆಯುತ್ತದೆ. ಮೊದಮೊದಲು ಜೋರಾಗಿ ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಇಳಿಜಾರಿನಲ್ಲಿ ಮಾತ್ರ ದೀಪ ಹತ್ತಿ ಆರುತ್ತದೆ. ಡಬ್ಬಿಯಲ್ಲಿ ಆಯಿಲ್ ಒಂದು ಕಡೆಗೆ ವಾಲುವುದರಿಂದ ಹಾಗೆ. ವೈರ್ ಲೂಸ್ ಆಗಿರಬೇಕು ಎಂದು ಸುಮ್ನೆ ಬಿಡಬೇಡಿ. ಇಂಥ ಹೊತ್ತಿನಲ್ಲಿ ಮೇಲಿನವರೆಗೆ ಆಯಿಲ್ ತುಂಬಿಸಿದರೆ, ಸವೆದ ಪ್ಯಾಡ್ ಬಗ್ಗೆ ಹೇಳುತ್ತಿದ್ದ ದೀಪವನ್ನು ನೀವೇ ಆರಿಸಿದ ಹಾಗೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಆಯಿಲ್ ಉಕ್ಕಿ ಹೊರಗೆ ಚೆಲ್ಲುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ. ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ.

ಎರಡನೇ ದಾರಿ ಸೋರಿಕೆ. ಇದು ಅಪಾಯದ್ದು. ಚಕ್ರದ ಒಳಮಗ್ಗುಲು ಒದ್ದೆಯಾಗಿದೆಯಾ, ಗಾಡಿ ನಿಲ್ಲಿಸಿದ ಜಾಗದಲ್ಲಿ ಕಲೆ ಇದೆಯಾ ನೋಡಿ. ನಿನ್ನೆ ಮ್ಯಾಕ್ಸ್‌ನಲ್ಲಿದ್ದ ಆಯಿಲ್ ಇವತ್ತು ಮಿನ್‌ಗೆ ಬಂದಿದ್ದರೆ ಅದು ಪ್ಯಾಡ್ ಸವೆತ ಅಲ್ಲವೇ ಅಲ್ಲ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಕಾಲಿನ ಕೆಳಗೇ ಇದೆ. ಪೆಡಲ್ ಒತ್ತಿ ನೋಡಿ. ಎಂದಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆಯಾ? ಸ್ಪಂಜಿನಂತೆ ಮೆತ್ತಗಿದೆಯಾ? ಒತ್ತಿ ಹಿಡಿದರೆ ನಿಧಾನವಾಗಿ ಕೆಳಗೆ ಇಳಿಯುತ್ತದೆಯಾ? ಮೆತ್ತಗಿದ್ದರೆ, ಇಳಿಯುತ್ತಿದ್ದರೆ, ಗಾಡಿ ಓಡಿಸಬೇಡಿ. ಟೋಯಿಂಗ್ ಗಾಡಿ ಕರೆಸಿ. ಗ್ಯಾರೇಜ್ ಹತ್ತಿರವೇ ಇದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಓಡುತ್ತಿರುವಾಗಲೇ ಪೆಡಲ್ ಕೆಳಗೆ ಹೋದರೆ? ಇಂದಿನ ಕಾರುಗಳಲ್ಲಿ ಬ್ರೇಕ್ ಪೈಪಿನ ದಾರಿ ಎರಡು ಭಾಗವಾಗಿರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಉಳಿದಿರುತ್ತದೆ. ಪೆಡಲ್ ತುಂಬ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ, ಆದರೆ ನಿಲ್ಲುತ್ತದೆ. ಬಲವಾಗಿ ಒತ್ತಿ. ಏನೂ ಸಿಗದಿದ್ದರೆ ಪೆಡಲ್ ಬೇಗ ಬೇಗ ಪಂಪ್ ಮಾಡಿ. ಗೇರ್ ಒಂದೊಂದಾಗಿ ಇಳಿಸಿ. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆಯದೆ, ಬಟನ್ ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಗಾಡಿ ಉರುಳುತ್ತಿರುವಾಗ ಇಂಜಿನ್ ಮಾತ್ರ ಆಫ್ ಮಾಡಬೇಡಿ. ಪೆಡಲ್ ಹಗುರವಾಗಿಸುವ ಬೂಸ್ಟರ್‌ನ ಸಹಾಯ ಬೇಗ ಮುಗಿದುಹೋಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ.

ಆಯಿಲ್ ಬಗ್ಗೆ ಇನ್ನೊಂದು ಮಾತು. ಯಾವ ಆಯಿಲ್ ಹಾಕಬೇಕು ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ: ಡಾಟ್ 3, ಡಾಟ್ 4, ಹೀಗೆ. ಇಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ತಪ್ಪಿಯೂ ಹಾಕಬೇಡಿ, ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಹಾಳಾಗುತ್ತವೆ. ಡಾಟ್ 3, ಡಾಟ್ 4 ಆಯಿಲ್‌ಗೆ ಗಾಳಿಯಲ್ಲಿರುವ ತೇವ ಹೀರುವ ಗುಣ ಇದೆ. ಮಾನದಂಡದ ಪ್ರಕಾರ ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗುತ್ತದೆ. ತಮಾಷೆ ಏನೆಂದರೆ, ಆಗ ಡಬ್ಬಿ ತುಂಬಿಯೇ ಇರುತ್ತದೆ, ಕೆಂಪು ದೀಪ ಹತ್ತುವುದಿಲ್ಲ. ಆಯಿಲ್ ಎಷ್ಟಿದೆ ಎಂದು ಆ ಸೆನ್ಸರ್‌ಗೆ ಗೊತ್ತು, ಹೇಗಿದೆ ಎಂದು ಗೊತ್ತಿಲ್ಲ. ಹಲವು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ.

ಇನ್ನೆರಡು ದೀಪ ಬೇಗ ನೋಡಿಬಿಡೋಣ. ವೃತ್ತದ ಬದಿಗೆ ತುಂಡು ತುಂಡು ಗೆರೆಯ ಹಳದಿ ದೀಪ ಇದ್ದರೆ ಪ್ಯಾಡ್ ಸವೆದಿದೆ ಎಂದರ್ಥ. ಎಲ್ಲ ಕಾರಿನಲ್ಲೂ ಇದು ಇರುವುದಿಲ್ಲ. ವೃತ್ತದೊಳಗೆ ‘ಪಿ’ ಅಕ್ಷರ ಇದ್ದರೆ ಅದು ಪಾರ್ಕಿಂಗ್ ಬ್ರೇಕ್. ಬಟನ್ ಒತ್ತುವ ಎಲೆಕ್ಟ್ರಿಕ್ ಬ್ರೇಕ್ ಇರುವ ಕಾರಿನಲ್ಲಿ ಅದು ಮಿನುಗುತ್ತಲೇ ಇದ್ದರೆ ಬ್ರೇಕ್ ಸರಿಯಾಗಿ ಕಚ್ಚಿಲ್ಲದಿರಬಹುದು. ಚಕ್ರಕ್ಕೆ ಕಲ್ಲು ಕೊಟ್ಟು ಇಳಿಯಿರಿ.

[ಪರದೆಯಲ್ಲಿ: ಹಳದಿ ಎಬಿಎಸ್ ದೀಪ]

ಈಗ ಎಬಿಎಸ್. ಇದೊಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಇದೆ, ಗಾಡಿ ನಿಲ್ಲುತ್ತದೆ. ಆದರೆ ಗಾಬರಿಯಲ್ಲಿ ಬ್ರೇಕ್ ಒದ್ದಾಗ ಚಕ್ರ ಲಾಕ್ ಆಗಬಹುದು. ಲಾಕ್ ಆದ ಚಕ್ರಕ್ಕೆ ಸ್ಟೀರಿಂಗ್ ತಿರುಗಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಗಾಡಿ ನೇರ ಜಾರುತ್ತದೆ. ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು, ಮೆಲ್ಲಗೆ ಗ್ಯಾರೇಜಿಗೆ ಹೋಗಿ.

ಒಂದು ಜೋಡಿ ಮಾತ್ರ ನೆನಪಿಡಿ. ಹ್ಯಾಂಡ್ ಬ್ರೇಕ್ ಇಳಿಸಿದೆ, ಆಯಿಲ್ ಸರಿ ಇದೆ, ಆದರೂ ಕೆಂಪು ದೀಪ ಮತ್ತು ಎಬಿಎಸ್ ದೀಪ ಎರಡೂ ಉರಿಯುತ್ತಿವೆ. ಆಗ ಇಬಿಡಿ ಕೈಕೊಟ್ಟಿರಬಹುದು. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬಾಗುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಿಂದಕ್ಕೆ ಎಷ್ಟು ಬ್ರೇಕ್ ಹೋಗಬೇಕು ಎಂದು ಅಳೆದು ಕೊಡುವುದು ಇಬಿಡಿ ಕೆಲಸ. ಹಿಂದೆ ಇದಕ್ಕೆ ಒಂದು ವಾಲ್ವ್ ಇರುತ್ತಿತ್ತು, ಈಗ ಎಬಿಎಸ್ ಯೂನಿಟ್ಟೇ ಮಾಡುತ್ತದೆ. ಅದು ಇಲ್ಲದಾಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸಬಹುದು. ಪೆಡಲ್ ಗಟ್ಟಿಯಾಗಿದೆ ಎಂದು ನಂಬಿ ಹೊರಡಬೇಡಿ.

[ಪರದೆಯಲ್ಲಿ: ಕಾರು, ಕೆಳಗೆ ಎರಡು ವಕ್ರ ಗೆರೆ. ಮೊದಲು ಮಿನುಗುತ್ತದೆ, ನಂತರ ಸ್ಥಿರವಾಗುತ್ತದೆ.]

ಕೊನೆಯದು ಜಾರುವ ಕಾರಿನ ಚಿತ್ರ. ಗಾಡಿ ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆಗಳ ದೀಪ ಇದು. ಇಎಸ್‌ಪಿ, ಇಎಸ್‌ಸಿ, ಟ್ರಾಕ್ಷನ್ ಕಂಟ್ರೋಲ್ ಎಂದೆಲ್ಲ ಹೆಸರು, ಹೆಚ್ಚಿನ ಕಾರುಗಳಲ್ಲಿ ಎಲ್ಲಕ್ಕೂ ಸೇರಿ ಇದೊಂದೇ ದೀಪ. ಮಿನುಗುತ್ತಿದ್ದರೆ ಅದು ಕೆಟ್ಟಿಲ್ಲ, ಆ ಕ್ಷಣದಲ್ಲಿ ಕೆಲಸ ಮಾಡುತ್ತಿದೆ. ಸುಮ್ಮನೆ ಸುತ್ತುತ್ತಿರುವ ಚಕ್ರಕ್ಕೆ ಬ್ರೇಕ್ ಹಾಕಿ, ಇಂಜಿನ್ ಶಕ್ತಿ ತಗ್ಗಿಸಿ ಗಾಡಿಯನ್ನು ದಾರಿಗೆ ತರುತ್ತಿದೆ. ಮಳೆಯಲ್ಲಿ, ಜಲ್ಲಿಯ ಮೇಲೆ ಮಿನುಗಿದರೆ ಆಕ್ಸಿಲರೇಟರ್ ಹಗುರ ಮಾಡಿ, ಅಷ್ಟೇ. ಆದರೆ ಒಣಗಿದ ರಸ್ತೆಯಲ್ಲಿ, ಮೆಲ್ಲಗೆ ಹೋಗುವಾಗಲೂ ಮಿನುಗಿದರೆ ಟೈರ್ ನೋಡಿ. ಒಂದು ಟೈರ್ ಬೇರೆ ಅಳತೆಯದು ಇದ್ದರೆ, ಆ ಚಕ್ರ ಜಾರುತ್ತಿದೆ ಎಂದು ಕಂಪ್ಯೂಟರ್ ತಪ್ಪು ತಿಳಿಯುತ್ತದೆ.

ಒಂದೇ ಸಮನೆ ಉರಿಯುತ್ತಿದ್ದರೆ ಆ ವ್ಯವಸ್ಥೆ ಕೆಲಸ ಬಿಟ್ಟಿದೆ. ಚಿತ್ರದ ಕೆಳಗೆ ‘ಆಫ್’ ಎಂದಿದ್ದರೆ ಬಟನ್ ಒತ್ತಿಹೋಗಿರಬಹುದು. ಡ್ಯಾಶ್‌ಬೋರ್ಡ್ ಒರೆಸುವಾಗ ಹೀಗಾಗುವುದುಂಟು. ಆ ಬಟನ್ ಯಾಕಿದೆ ಎಂದರೆ, ಕೆಸರಿನಲ್ಲೋ ಮರಳಿನಲ್ಲೋ ಸಿಕ್ಕಿಕೊಂಡಾಗ ಚಕ್ರ ಸ್ವಲ್ಪ ತಿರುಗಿದರೇ ಗಾಡಿ ಹೊರಬರುವುದು. ಸಿಸ್ಟಮ್ ಅದಕ್ಕೆ ಬಿಡುವುದಿಲ್ಲ. ಹೊರಬಂದ ಮೇಲೆ ಮತ್ತೆ ಆನ್ ಮಾಡಿ.

ಎಬಿಎಸ್ ದೀಪದ ಜೊತೆ ಈ ದೀಪವೂ ಹತ್ತಿದರೆ ಎರಡು ರೋಗ ಅಂದುಕೊಳ್ಳಬೇಡಿ. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಇಎಸ್‌ಪಿ ಬಂದಿದ್ದು 1995ರಲ್ಲಿ, ಅದೇ ಎಸ್-ಕ್ಲಾಸ್‌ನಲ್ಲಿ. ಎಬಿಎಸ್‌ನ ಚಕ್ರದ ಸೆನ್ಸರ್, ಪಂಪು, ವಾಲ್ವುಗಳನ್ನೇ ಬಳಸಿಕೊಂಡು, ಸ್ಟೀರಿಂಗ್ ಎತ್ತ ತಿರುಗಿದೆ, ಗಾಡಿ ಎತ್ತ ತಿರುಗುತ್ತಿದೆ ಎಂದು ನೋಡುವ ಸೆನ್ಸರ್‌ಗಳನ್ನು ಸೇರಿಸಿದರು. ನೆಲಮಹಡಿ ಕುಸಿದರೆ ಮೇಲ್ಮಹಡಿ ನಿಲ್ಲುತ್ತದೆಯೇ?

ಇನ್ನೊಂದು ವಿಚಿತ್ರ ಜೋಡಿ: ಇಂಜಿನ್ ದೀಪ ಮತ್ತು ಜಾರುವ ಕಾರು. ಚಕ್ರ ಜಾರಿದಾಗ ಇಂಜಿನ್ ಶಕ್ತಿ ತಗ್ಗಿಸಬೇಕಲ್ಲ, ಇಂಜಿನ್ನಿಗೇ ತೊಂದರೆ ಇದ್ದರೆ ಆ ಮಾತು ನಡೆಯುವುದಿಲ್ಲ. ಹಾಗಾಗಿ ಟ್ರಾಕ್ಷನ್ ಕಂಟ್ರೋಲ್ ತಾನೇ ಹಿಂದೆ ಸರಿಯುತ್ತದೆ. ಬ್ರೇಕ್ ಕಡೆ ಹುಡುಕುವುದು ಬಿಟ್ಟು ಮೊದಲು ಇಂಜಿನ್ ನೋಡಿಸಿ. ಬ್ರೇಕ್ ಪೆಡಲ್ ಹತ್ತಿರದ ಪುಟ್ಟ ಸ್ವಿಚ್ ಕೆಟ್ಟರೂ ಈ ದೀಪ ಹತ್ತಬಹುದು. ಹಿಂದೆ ಒಬ್ಬರನ್ನು ನಿಲ್ಲಿಸಿ ಪೆಡಲ್ ಒತ್ತಿ, ಬ್ರೇಕ್ ಲೈಟ್ ಉರಿಯುತ್ತದೆಯಾ ಕೇಳಿ. ಇನ್ನು ಬ್ಯಾಟರಿ ಸೊರಗಿದ್ದರೆ ಸ್ಟಾರ್ಟ್ ಮಾಡಿದಾಗ ಒಂದು ರಾಶಿ ದೀಪ ಒಟ್ಟಿಗೆ ಹತ್ತುತ್ತವೆ, ಆಗ ಮೊದಲು ಬ್ಯಾಟರಿ.

[ದೃಶ್ಯ: ಸ್ಕ್ಯಾನರ್ ಪರದೆ. ನಾಲ್ಕು ಚಕ್ರದ ವೇಗ ನಾಲ್ಕು ಸಾಲಿನಲ್ಲಿ.]

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕುತ್ತಾರೆ. ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಗುರುತು, ಅಂದರೆ ಕೋಡ್, ಓದುವ ಯಂತ್ರ ಅದು. ಅಗ್ಗದ ಸ್ಕ್ಯಾನರ್‌ಗಳಲ್ಲಿ ಹಲವು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಬ್ರೇಕ್ ಕೋಡ್‌ಗಳು ಸಾಮಾನ್ಯವಾಗಿ ‘ಸಿ’ ಅಕ್ಷರದಿಂದ ಶುರುವಾಗುತ್ತವೆ, ಅವನ್ನು ಓದಬಲ್ಲ ಯಂತ್ರ ಬೇಕು. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ‘ಎಡ ಮುಂದಿನ ಸೆನ್ಸರ್’ ಎಂದು ಬಂದರೆ ಸೆನ್ಸರೇ ಕೆಟ್ಟಿದೆ ಎಂದಲ್ಲ. ಅದರ ಮೇಲೆ ಕೂತ ಕೊಳೆ ಇರಬಹುದು, ತುಂಡಾದ ವೈರ್ ಇರಬಹುದು, ಸವೆದ ಬೇರಿಂಗ್ ಇರಬಹುದು. ಎಬಿಎಸ್ ಯೂನಿಟ್ಟೇ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ, ಗಾಡಿ ಮೆಲ್ಲಗೆ ಓಡಿಸುತ್ತಾ ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರದ ವೇಗ ತೋರಿಸಿ ಎಂದು ಕೇಳಿ. ಮೂರು ಚಕ್ರ 20 ಎನ್ನುವಾಗ ಒಂದು ಮಾತ್ರ ಸೊನ್ನೆ ಎಂದರೆ, ಮೊದಲು ಬಿಚ್ಚಿ ನೋಡಬೇಕಾದ್ದು ಆ ಚಕ್ರವನ್ನು.