ಜಾಗ್ವಾರ್ ಡಿ-ಟೈಪ್ ಕಟ್ತಿದ್ದೀನಿ: ತಗಡಿನ ಟಬ್ ಎದ್ದು ನಿಂತಿದೆ

ನಮಸ್ಕಾರ. ಸ್ಕ್ರೀನ್ ಮೇಲೆ ಈಗ ನೀವು ನೋಡ್ತಿರೋದು ಜಾಗ್ವಾರ್ ಡಿ-ಟೈಪ್ ಕಾರಿನ ನಡುಭಾಗ, ಅಂದ್ರೆ ಚಾಲಕ ಕೂರೋ ತೊಟ್ಟಿಯಂಥ ಟಬ್. ಚಕ್ರ ಇಲ್ಲ, ಎಂಜಿನ್ ಇಲ್ಲ, ಬಣ್ಣ ಇಲ್ಲ. ಬರೀ ಅಲ್ಯೂಮಿನಿಯಂ ತಗಡು, ಅದರ ಉದ್ದಕ್ಕೂ ಸಾಲು ಸಾಲು ರಿವೆಟ್. ಇಡೀ ಕಾರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಬಣ್ಣ ಬಿದ್ದು ಸೀಟು ಕೂತ ಮೇಲೆ ಒಳಗಿನ ಕೆಲಸ ಯಾರ ಕಣ್ಣಿಗೂ ಬೀಳಲ್ಲ. ಅದಕ್ಕೇ ಮುಚ್ಚೋಕೆ ಮುಂಚೆ ನಿಧಾನವಾಗಿ ತೋರಿಸಿಬಿಡ್ತೀನಿ.

ಈ ಕಾರು ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆ ಎಡೆಬಿಡದೆ ಓಡೋ ರೇಸ್ ಇದೆ. ಅದನ್ನ ಗೆಲ್ಲಲೇಬೇಕು ಅಂತ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾಗ್ವಾರ್ ಕಂಪನಿ ಕಟ್ಟಿದ ಕಾರು ಡಿ-ಟೈಪ್. 1954ರಲ್ಲಿ ಮೊದಲ ಸಲ ಬಂದಾಗ ಫೆರಾರಿಯ ಹಿಂದೆ ಎರಡನೇ ಸ್ಥಾನ. ಆಮೇಲೆ 1955, 1956, 1957, ಮೂರು ವರ್ಷ ಬಿಡದೆ ಗೆಲುವು. 1957ರಲ್ಲಂತೂ ಮೊದಲ ನಾಲ್ಕೂ ಸ್ಥಾನ ಡಿ-ಟೈಪ್‌ಗಳದ್ದೇ. 1955ರ ಗೆಲುವನ್ನ ಮಾತ್ರ ಸಂಭ್ರಮದಿಂದ ಹೇಳೋಕೆ ನನಗೆ ಮನಸ್ಸು ಬರಲ್ಲ. ಆ ರೇಸಲ್ಲಿ ಮರ್ಸಿಡಿಸ್ ಕಾರೊಂದು ಚೂರುಚೂರಾಗಿ ಪ್ರೇಕ್ಷಕರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು.

ನಾನು ಮಾದರಿಯಾಗಿ ಇಟ್ಟುಕೊಂಡಿರೋದು 1956ರಲ್ಲಿ ಗೆದ್ದ ಕಾರು, ಷಾಸಿ ನಂಬರ್ ಎಕ್ಸ್‌ಕೆಡಿ 501. ಸ್ಕಾಟ್ಲೆಂಡಿನ ಎಕುರಿ ಎಕೋಸ್ ಅನ್ನೋ ಖಾಸಗಿ ತಂಡದ ನೀಲಿ ಕಾರು. ರಾನ್ ಫ್ಲಾಕ್‌ಹಾರ್ಟ್, ನಿನಿಯನ್ ಸ್ಯಾಂಡರ್ಸನ್ ಇಬ್ಬರೂ ಸೇರಿ ಒಂದು ದಿನದಲ್ಲಿ ಅದನ್ನ 4,000 ಕಿ.ಮೀ.ಗೂ ಹೆಚ್ಚು ಓಡಿಸಿದ್ರು. ಅದೇ ಕಾರು 2016ರಲ್ಲಿ ಹರಾಜಿಗೆ ಬಂದಾಗ 2 ಕೋಟಿ 17 ಲಕ್ಷ 80 ಸಾವಿರ ಡಾಲರ್‌ಗೆ ಹೋಯ್ತು. ಅಂಥ ಕಾರನ್ನ ಬಿಚ್ಚಿ ನೋಡೋಕೆ ನಮ್ಮಂಥವರಿಗೆ ಯಾರು ಬಿಡ್ತಾರೆ? ಅದನ್ನ ಹೇಗೆ ಮಾಡಿದ್ರು ಅಂತ ಕೈಯಾರೆ ತಿಳೀಬೇಕು ಅಂದ್ರೆ ಮೊದಲಿಂದ ಕಟ್ಟಬೇಕು, ಬೇರೆ ದಾರಿ ಇಲ್ಲ.

ಈ ಕೆಲಸಕ್ಕೆ ನಾನು ಒಂದು ನಿಯಮ ಹಾಕ್ಕೊಂಡಿದ್ದೀನಿ. ಒಂದು ಭಾಗ ಯಾಕೆ ಹಾಗಿದೆ ಅಂತ ಅರ್ಥ ಆಗೋವರೆಗೂ ಅದಕ್ಕೆ ತಗಡು ಕತ್ತರಿಸಲ್ಲ. ಫೋಟೋ ಮುಂದಿಟ್ಟುಕೊಂಡು ಆಕಾರ ಹಿಡಿಯೋದು ಕಷ್ಟವಲ್ಲ. ಫೈಬರ್‌ಗ್ಲಾಸ್ ಬಾಡಿ ತಂದು ಹಳೇ ಕಾರಿನ ಬಿಡಿಭಾಗಗಳ ಮೇಲೆ ಕೂರಿಸಿದ್ರೂ ನೋಡೋಕೆ ಡಿ-ಟೈಪ್ ಥರಾನೇ ಇರುತ್ತೆ. ಹಾಗೆ ಕಟ್ಟೋರ ಬಗ್ಗೆ ನನಗೆ ಗೌರವ ಇದೆ, ಅದರಲ್ಲೂ ಬೇಕಾದಷ್ಟು ಶ್ರಮ ಇದೆ. ನನಗೆ ಬೇಕಾಗಿದ್ದು ಮಾತ್ರ ಒಳಗಿನ ಲೆಕ್ಕಾಚಾರ.

ಈಗ ಟಬ್ ನೋಡಿ. ಆ ಕಾಲದ ಬಹಳಷ್ಟು ರೇಸ್ ಕಾರುಗಳಲ್ಲಿ ಕೊಳವೆಗಳನ್ನ ಬೆಸೆದ ಚೌಕಟ್ಟು ಭಾರ ಹೊರ್ತಿತ್ತು, ತಗಡು ಮೇಲಿನ ಹೊದಿಕೆ ಅಷ್ಟೇ. ಡಿ-ಟೈಪಲ್ಲಿ ಚಾಲಕ ಕೂರೋ ನಡುಭಾಗಕ್ಕೆ ಅಂಥ ಚೌಕಟ್ಟೇ ಇಲ್ಲ. ತಗಡೇ ಭಾರ ಹೊರುತ್ತೆ. ಈ ಆಕಾರ ಮಾಡಿದ ಮಾಲ್ಕಮ್ ಸೇಯರ್ ಜಾಗ್ವಾರ್‌ಗೆ ಬರೋ ಮುಂಚೆ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದವರು. ವಿಮಾನದ ಒಡಲು ಕಟ್ಟೋ ಕ್ರಮ ಇಲ್ಲಿ ಎದ್ದು ಕಾಣುತ್ತೆ. ಅಡ್ಡಕ್ಕೆ ಕತ್ತರಿಸಿ ನೋಡಿದ್ರೆ ಟಬ್ ಹೆಚ್ಚುಕಮ್ಮಿ ಅಂಡಾಕಾರ. ಎರಡೂ ಬದಿಯಲ್ಲಿ ಕಾಣ್ತಿರೋ ಈ ಟೊಳ್ಳು ಪೆಟ್ಟಿಗೆಗಳು, ಮುಂದೊಂದು ಹಿಂದೊಂದು ಅಡ್ಡಗೋಡೆ, ಇವೆಲ್ಲ ಸೇರಿ ಇಡೀ ಟಬ್ ತಿರುಚಿಕೊಳ್ಳದ ಹಾಗೆ ಹಿಡಿದುಕೊಳ್ತವೆ.

ನಾನು ಬಳಸಿರೋದು 1.2 ಮಿ.ಮೀ. ತಗಡು. ಒಂಟಿ ಹಾಳೆಯನ್ನ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಗಳಗಳ ಅಂತ ಸದ್ದು ಮಾಡುತ್ತೆ, ಸುಲಭವಾಗಿ ಬಾಗುತ್ತೆ. ಅದನ್ನೇ ಮಡಿಸಿ, ಅಂಚಿಗೆ ಅಂಚು ಕೂಡಿಸಿ, ರಿವೆಟ್ ಹೊಡೆದು ಪೆಟ್ಟಿಗೆ ಮಾಡಿದ ಮೇಲೆ ಅದರ ಮೇಲೆ ನಾನು ನಿಂತರೂ ಮಿಸುಕಲ್ಲ. ಪುಸ್ತಕದಲ್ಲಿ ನೂರು ಸಲ ಓದಿದ್ರೂ ಕಾಲ ಕೆಳಗೆ ಅದು ಗಟ್ಟಿಯಾಗಿ ನಿಂತಾಗ ಬರೋ ನಂಬಿಕೆಯೇ ಬೇರೆ.

ಈ ಶಾಟ್‌ನಲ್ಲಿ ತಗಡಿನ ಮೇಲೆ ಸೋಪು ಉಜ್ಜುತಿದ್ದೀನಿ, ತೊಳೆಯೋಕಲ್ಲ. ಅಲ್ಯೂಮಿನಿಯಂ ಬಡಿದಷ್ಟೂ ಬಿಗಿಯಾಗ್ತಾ ಹೋಗುತ್ತೆ, ಒಂದು ಹಂತ ದಾಟಿದ್ರೆ ಬಿರುಕು ಬಿಡುತ್ತೆ. ಹಾಗಾಗಿ ಆಗಾಗ ಕಾಯಿಸಿ ಮೆತ್ತಗೆ ಮಾಡ್ಕೋಬೇಕು. ತೊಂದರೆ ಏನಂದ್ರೆ, ಕಬ್ಬಿಣ ಕಾದರೆ ಕೆಂಪಗಾಗಿ ಹೇಳುತ್ತೆ, ಅಲ್ಯೂಮಿನಿಯಂ ಹೇಳಲ್ಲ. 660 ಡಿಗ್ರಿಗೆ ಕರಗಿಬಿಡುತ್ತೆ, ಅಲ್ಲಿಯವರೆಗೂ ಬೆಳ್ಳಗೇ ಇರುತ್ತೆ. ಅದಕ್ಕೇ ಸೋಪು. ಹಿಂದಿನಿಂದ ಗ್ಯಾಸ್ ಜ್ವಾಲೆ ಆಡಿಸ್ತಾ ಹೋದ್ರೆ ಮೇಲಿನ ಸೋಪಿನ ಗೆರೆ ಮೊದಲು ಕಂದು, ಆಮೇಲೆ ಕಪ್ಪು. ಕಪ್ಪಾದ ಕೂಡಲೇ ಜ್ವಾಲೆ ತೆಗೆದುಬಿಡ್ತೀನಿ. ತಣಿದ ಮೇಲೆ ಅದೇ ತಗಡು ಮರಳಿನ ಚೀಲದ ಮೇಲೆ ಸುತ್ತಿಗೆಗೆ ಎಷ್ಟು ಒಲಿಯುತ್ತೆ ನೋಡಿ. ಮೊದಲ ಪೆಟ್ಟಿನ ಸದ್ದು ಮಂದ. ಬಡೀತಾ ಬಡೀತಾ ಸದ್ದು ಏರುತ್ತೆ, ಕೊನೆಗೆ ಖಣಖಣ ಅನ್ನೋಕೆ ಶುರುವಾಗುತ್ತೆ. ಮತ್ತೆ ಕಾಯಿಸೋ ಹೊತ್ತು ಬಂತು ಅಂತ ಕಿವಿಯೇ ಹೇಳುತ್ತೆ. ಹೆಡ್‌ಫೋನ್ ಹಾಕ್ಕೊಂಡಿದ್ರೆ ಈ ಭಾಗ ಇನ್ನೊಮ್ಮೆ ಕೇಳಿ.

ಬಾಡಿಯ ಆಕಾರಕ್ಕೆ ಪ್ಲೈವುಡ್ ಅಡ್ಡಪಟ್ಟಿಗಳನ್ನ ಜೋಡಿಸಿದ ಅಚ್ಚು ಇದೆ. ತಗಡು ಬಡಿದು, ಎರಡು ಉರುಳೆಗಳ ನಡುವೆ ತಗಡು ಒತ್ತೋ ವೀಲ್ ಮೆಷಿನ್‌ನಲ್ಲಿ ನಯ ಮಾಡಿ, ಅಚ್ಚಿನ ಮೇಲಿಟ್ಟು ನೋಡೋದು, ಬೆಳಕು ಕಾಣೋ ಕಡೆ ಮತ್ತೆ ತಿದ್ದೋದು. ಇದನ್ನ ಬೇರೆ ವಿಡಿಯೋದಲ್ಲಿ ವಿವರವಾಗಿ ಮಾಡ್ತೀನಿ.

ಮುಂದಿನ ಚೌಕಟ್ಟಿಗೆ ಬರೋಣ. ಟಬ್‌ನ ಮುಂದಕ್ಕೆ ಚಾಚಿರೋ ಈ ಕೊಳವೆಗಳ ಮೇಲೆ ಎಂಜಿನ್, ಸಸ್ಪೆನ್ಷನ್ ಎರಡೂ ಕೂರುತ್ತೆ. 1954ರ ಕಾರುಗಳಲ್ಲಿ ಈ ಚೌಕಟ್ಟನ್ನ ಟಬ್‌ಗೇ ವೆಲ್ಡ್ ಮಾಡಿದ್ರು. 1955ರಿಂದ ಉಕ್ಕಿನ ಕೊಳವೆ, ಬೋಲ್ಟ್ ಹಾಕಿ ಬಿಗಿಯೋ ಥರ. ಮೂತಿಗೆ ಪೆಟ್ಟು ಬಿದ್ರೆ ಬಿಚ್ಚಿ ರಿಪೇರಿ ಮಾಡಬಹುದು. ರೇಸ್ ತಂಡಕ್ಕೆ ಇದೆಷ್ಟು ದೊಡ್ಡ ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ. ಉಕ್ಕೂ ಅಲ್ಯೂಮಿನಿಯಮ್ಮೂ ನೇರ ತಾಗಿದ ಕಡೆ ತೇವ ಸೇರಿದ್ರೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ಅದಕ್ಕೇ ಪ್ರತಿ ಬೋಲ್ಟಿನ ಕೆಳಗೂ ಸೀಲಂಟ್ ಹಚ್ಚಿದ್ದೀನಿ.

ಎಂಜಿನ್ ವಿಷಯದಲ್ಲಿ ನಮ್ಮಂಥವರ ಅದೃಷ್ಟ ಚೆನ್ನಾಗಿದೆ. ಡಿ-ಟೈಪ್‌ನ ಆರು ಸಿಲಿಂಡರ್ ಎಕ್ಸ್‌ಕೆ ಎಂಜಿನ್ 1948ರಲ್ಲಿ ಹುಟ್ಟಿ, ಬೇರೆ ಬೇರೆ ಅಳತೆಗಳಲ್ಲಿ 1992ರವರೆಗೂ ತಯಾರಾಯ್ತು. ಹಾಗಾಗಿ ಹಳೇ ಜಾಗ್ವಾರ್ ಸೆಡಾನ್‌ನ 3.4 ಲೀಟರ್ ಎಂಜಿನ್ ತಗೊಂಡು ಕೆಲಸ ಶುರು ಮಾಡಬಹುದು. ಅದರ ಸ್ಟ್ರೋಕ್, ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ, 106 ಮಿ.ಮೀ.; ಬೋರ್, ಅಂದ್ರೆ ಸಿಲಿಂಡರ್‌ನ ಅಗಲ, 83. ಸ್ಟ್ರೋಕ್ ಉದ್ದ ಆದ್ದರಿಂದ ಎಂಜಿನ್ ಎತ್ತರ, ಕಾರು ಮಾತ್ರ ತಗ್ಗಾಗಿರಬೇಕು. ಅದಕ್ಕೆ ಜಾಗ್ವಾರ್‌ನವರು ಕೆಳಗೆ ಆಯಿಲ್ ನಿಲ್ಲೋ ಆಳವಾದ ತೊಟ್ಟಿ, ಅಂದ್ರೆ ಸಂಪ್, ತೆಗೆದು, ಆಯಿಲ್‌ಗೆ ಬೇರೆ ಟ್ಯಾಂಕ್ ಇಟ್ಟು, ಪಂಪ್‌ನಿಂದ ತಿರುಗಿಸೋ ಡ್ರೈ ಸಂಪ್ ಹಾಕಿದ್ರು. ಎಂಜಿನ್ ಅಷ್ಟೂ ಕೆಳಗಿಳಿಯಿತು. ಜೊತೆಗೆ ಅದನ್ನ ಎಂಟೂವರೆ ಡಿಗ್ರಿ ಪಕ್ಕಕ್ಕೆ ವಾಲಿಸಿದ್ರು.

ಈ ವಾಲಿಕೆಗೆ ಕಾರಣ ಏನು ಅನ್ನೋದ್ರಲ್ಲಿ ಬಲ್ಲವರಲ್ಲೇ ಎರಡು ಪಕ್ಷ. ಬಾನೆಟ್ ತಗ್ಗಿಸೋಕೆ ಅಂತ ಕೆಲವರು. ಪೆಟ್ರೋಲ್‌ಗೆ ಗಾಳಿ ಬೆರೆಸೋ ಮೂರು ವೆಬರ್ ಕಾರ್ಬ್ಯುರೇಟರ್‌ಗಳಿಗೆ ಗಾಳಿ ಒಯ್ಯೋ ಉದ್ದನೆ ಕೊಳವೆಗೆ ಜಾಗ ಬೇಕಿತ್ತು ಅಂತ ಇನ್ನು ಕೆಲವರು. ಎಂಜಿನ್‌ನ ಖಾಲಿ ಬ್ಲಾಕನ್ನ ಚೌಕಟ್ಟಿಗೆ ಇಳಿಸಿ, ನೇರವಾಗಿಯೂ ವಾಲಿಸಿಯೂ ಇಟ್ಟು ಅಳೆದಾಗ ಎತ್ತರದಲ್ಲಿ ಸಿಕ್ಕ ಲಾಭ ತೀರಾ ಸ್ವಲ್ಪ. ಕಾರ್ಬ್ಯುರೇಟರ್ ಬದಿಯಲ್ಲಿ ಮಾತ್ರ ಧಾರಾಳವಾಗಿ ಕೈ ಆಡೋಷ್ಟು ಜಾಗ ಬಿಡ್ತು. ಹಾಗಾಗಿ ನಾನು ಎರಡನೇ ಪಕ್ಷ.

ಹಿಂದಿನ ಆಕ್ಸಲ್ ಬಗ್ಗೆ ಕಾಮೆಂಟ್‌ನಲ್ಲಿ ತುಂಬಾ ಜನ ಕೇಳ್ತಿದ್ದೀರಿ. ನಂತರದ ಜಾಗ್ವಾರ್ ಸೆಡಾನ್‌ಗಳಲ್ಲಿ ಎರಡೂ ಚಕ್ರ ಬೇರೆ ಬೇರೆಯಾಗಿ ಏಳೋ ಸಸ್ಪೆನ್ಷನ್ ಇರುತ್ತೆ, ಅದನ್ನೇ ಹಾಕಬಾರದಾ ಅಂತ. ಹಾಕಿದ್ರೆ ಗುಂಡಿ ರಸ್ತೆಯಲ್ಲಿ ಕಾರು ಚೆನ್ನಾಗಿ ಹೋಗುತ್ತೆ, ಒಪ್ತೀನಿ. ಆದ್ರೆ ಡಿ-ಟೈಪ್‌ಗೆ ಇದ್ದಿದ್ದು ಒಂದೇ ದಂಡದ ಗಟ್ಟಿ ಆಕ್ಸಲ್. ಲೆ ಮಾನ್ ರಸ್ತೆ ನಯವಾಗಿತ್ತು, ಅಲ್ಲಿಗೆ ಅದು ಸಾಕಿತ್ತು. ಒರಟು, ತಿರುವು ಹೆಚ್ಚಿರೋ ಟ್ರ್ಯಾಕ್‌ಗಳಲ್ಲಿ ಈ ಕಾರಿಗೆ ಅಷ್ಟು ಗೆಲುವು ಸಿಗಲಿಲ್ಲ. ಆ ಮಿತಿಯೂ ಈ ಕಾರಿನ ಗುಣವೇ. ಅದನ್ನ ಸರಿಪಡಿಸಿಬಿಟ್ರೆ ಸ್ಟಿಯರಿಂಗ್ ಹಿಡಿದವರಿಗೆ ಡಿ-ಟೈಪ್ ಸಿಗಲ್ಲ. ಗಟ್ಟಿ ಆಕ್ಸಲ್ಲೇ ಹಾಕ್ತೀನಿ.

ಇನ್ನು ಎಲ್ಲರಿಗೂ ಪ್ರಿಯವಾದ ಫಿನ್, ಚಾಲಕನ ತಲೆಯ ಹಿಂದೆ ಎದ್ದು ನಿಲ್ಲೋ ರೆಕ್ಕೆ. ಲೆ ಮಾನ್‌ನ ಮುಲ್ಸಾನ್ ರಸ್ತೆ ಆಗ ಸುಮಾರು 6 ಕಿ.ಮೀ. ಒಂದೇ ನೇರ. 1954ರಲ್ಲೇ ಡಿ-ಟೈಪ್ ಅಲ್ಲಿ ಗಂಟೆಗೆ 270 ಕಿ.ಮೀ. ದಾಟಿತ್ತು. ಆ ವೇಗದಲ್ಲಿ ಪಕ್ಕದಿಂದ ಗಾಳಿ ಹೊಡೆದ್ರೆ ಹಗುರ ಕಾರಿನ ಮೂತಿ ಅಡ್ಡ ತಿರುಗೋಕೆ ನೋಡುತ್ತೆ. ಬಾಣದ ಬಾಲದಲ್ಲಿರೋ ಗರಿ ಮಾಡೋ ಕೆಲಸವನ್ನೇ ಫಿನ್ ಮಾಡುತ್ತೆ, ಗಾಳಿಯ ಒತ್ತಡವನ್ನ ಹಿಂದಕ್ಕೆ ಸರಿಸಿ ಕಾರನ್ನ ನೇರಕ್ಕೆ ಎಳೆಯುತ್ತೆ. ಎಡ ಬಲ ಎರಡು ಹೋಳಾಗಿ ಬಡಿದು, ಅಂಚಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡಿದ್ದೀನಿ. ಬೆಸುಗೆ ಹಿಡಿಯೋಕೆ ಹಚ್ಚೋ ವೆಲ್ಡಿಂಗ್ ಫ್ಲಕ್ಸ್ ಉಳಿದ್ರೆ ತಗಡನ್ನ ಕೊರೆಯುತ್ತೆ, ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿ ತೊಳೀಲೇಬೇಕು.

ಮೂಲದಿಂದ ಬೇರೆ ಮಾಡಿರೋದು ಎಲ್ಲಿ ಅಂತಲೂ ತೋರಿಸ್ತೀನಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಮೂಲದಲ್ಲೇ ಇತ್ತು, 1953ರಲ್ಲಿ ಜಾಗ್ವಾರ್‌ನ ಇದಕ್ಕೂ ಹಿಂದಿನ ರೇಸ್ ಕಾರು ಸಿ-ಟೈಪ್ ಅದರ ಬಲದಿಂದಲೇ ಲೆ ಮಾನ್ ಗೆದ್ದಿತ್ತು. ನಾನು ಮುಂದಿನ ಬ್ರೇಕಿಗೂ ಹಿಂದಿನ ಬ್ರೇಕಿಗೂ ಬೇರೆ ಬೇರೆ ಲೈನ್ ಎಳೆದಿದ್ದೀನಿ, ಒಂದು ಸೋರಿದ್ರೂ ಇನ್ನೊಂದು ಹಿಡೀಬೇಕು. ಆ ಕಾಲದ ಚಾಲಕರು ಸೀಟ್ ಬೆಲ್ಟ್ ಕಟ್ಟಿಕೊಳ್ತಿರಲಿಲ್ಲ, ಇಲ್ಲಿ ಬೆಲ್ಟ್ ಇರುತ್ತೆ. ಫಿನ್‌ನ ಮುಂಭಾಗದ ಒಳಗೆ, ಕಾರು ಮಗುಚಿದ್ರೆ ತಲೆ ಕಾಯೋ ರೋಲ್ ಬಾರ್ ಅಡಗಿದೆ. ಪ್ರಾಣದ ವಿಷಯದಲ್ಲಿ 1956ಕ್ಕೆ ನಿಷ್ಠೆ ಬೇಡ.

ಕೊನೆಯದಾಗಿ ಈ ಪ್ಲೇಟ್. ಎಕ್ಸ್‌ಕೆಡಿ ಅಂತ ಶುರುವಾಗೋ ಯಾವ ನಂಬರನ್ನೂ ನಾನು ಇದರ ಮೇಲೆ ಕೊರೆಯಲ್ಲ. ಆ ನಂಬರ್‌ಗಳು ಕವೆಂಟ್ರಿಯಲ್ಲಿ ಕಟ್ಟಿದವರ ಸ್ವತ್ತು. ಈ ಕಾರು ಮುಂದೆ ಯಾರ ಕೈಗೆ ಹೋದ್ರೂ, ಇದು ಈಗಿನ ಕಾಲದಲ್ಲಿ ಕಟ್ಟಿದ ಪ್ರತಿಕೃತಿ ಅಂತ ಪ್ಲೇಟ್ ಓದಿದ ತಕ್ಷಣ ಗೊತ್ತಾಗಬೇಕು. ಹಾಗಾಗಿ ಬಾಡಿ ಕಟ್ಟಿದ ವರ್ಷ, ಎಂಜಿನ್ ಎಲ್ಲಿಂದ ಬಂತು, ಏನೇನು ಬದಲಾಗಿದೆ, ಎಲ್ಲ ಇದರಲ್ಲೇ ಬರೆಸ್ತಿದ್ದೀನಿ. ಅಂಟಿಸೋ ಸ್ಟಿಕ್ಕರ್ ಬೇಡ, ಅಡ್ಡಗೋಡೆಗೆ ರಿವೆಟ್ ಹೊಡೆದೇ ಕೂರಿಸ್ತೀನಿ.

ಮುಂದಿನ ವಿಡಿಯೋದಲ್ಲಿ ಹಿಂದಿನ ಅಡ್ಡಗೋಡೆಗೆ ಆಕ್ಸಲ್‌ನ ತೋಳುಗಳನ್ನ ಜೋಡಿಸ್ತೀನಿ. ತಗಡೇ ಚಕ್ರದ ಭಾರ ಹೊರಬೇಕಾದ ಜಾಗ ಅದು, ಅಲ್ಲಿ ಯಾವ ರಿವೆಟ್, ಎಷ್ಟು ಅಂತರ ಅನ್ನೋ ಲೆಕ್ಕದಿಂದಲೇ ಶುರು ಮಾಡೋಣ.