ಉಪ್ಪುನೀರಿನ ಮೀನಿಗೆ ಸಿಹಿನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹುಬ್ಬಳ್ಳಿ ಮನೆಯ ಪಡಸಾಲೆಯಲ್ಲಿ ಸಮುದ್ರದ ಮೀನು ಸಾಕಿದ ಒಂದು ಗಾಜಿನ ಟ್ಯಾಂಕ್ ಇದೆ. ಸುಮಾರು 150 ಲೀಟರ್ ನೀರು. ಟ್ಯಾಂಕಿನಲ್ಲೇ ಮರಿ ಮಾಡಿಸಿ ಬೆಳೆಸಿದ ಎರಡು ಕ್ಲೌನ್ ಮೀನು, ಒಂದು ಸಿಗಡಿ, ನಾಲ್ಕಾರು ಬಸವನಹುಳು. ಹವಳ ಇಲ್ಲ. ಗಟ್ಟಿ ಹವಳಗಳಿಗೆ ನಮ್ಮ ದೇಶದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅವು ಸಮುದ್ರದಲ್ಲೇ ಇರಲಿ.

ಒಂದು ಏಪ್ರಿಲ್‌ನಲ್ಲಿ ನಾನು ಎಂಟು ದಿನ ಪರಊರಿಗೆ ಹೋಗಬೇಕಾಯಿತು. ಮನೆಯಲ್ಲಿ ಅವ್ವ ಒಬ್ಬಳೇ. ಗಾಜಿನ ಮೇಲೆ ಗೆರೆ ಎಳೆದು, ನೀರು ಇಳಿದರೆ ಇಲ್ಲಿವರೆಗೆ ತುಂಬಿಸು ಅಂತ ಹೇಳಿ ಹೋದೆ. ಯಾವ ನೀರು ಅಂತ ಹೇಳಲಿಲ್ಲ. ಅವ್ವ ಒಂದು ದಿನವೂ ತಪ್ಪಿಸದೆ ದಿನಕ್ಕೆ ಎರಡು ಲೀಟರ್ ಹಾಕಿದಳು. ಮುಂದೆ ನೀರು ಬದಲಿಸಲು ಉಪ್ಪು ಬೆರೆಸಿ ಇಟ್ಟಿದ್ದ ಡ್ರಮ್ಮಿನಿಂದ ಹಾಕಿದಳು. ನಾನು ಬಂದು ಕೇಳಿದಾಗ ಅಂದಳು: "ಉಪ್ಪುನೀರಾಗಿನ ಮೀನಿಗೆ ಸೀನೀರು ಹಾಕಿದ್ರ ಸಾಯ್ತಾವಲ್ಲೋ, ಅದಕ್ಕ ಉಪ್ಪುನೀರನ್ನ ಹಾಕೇನಿ."

ಯಾರು ಕೇಳಿದರೂ ಇದು ಸರಿ ಅನ್ನುತ್ತಾರೆ. ಅಲ್ವಾ? ಆದರೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರು ಒಂದು ಕ್ಷಣ ಯೋಚಿಸುತ್ತಾರೆ. ಅಲ್ಲಿ ಸಮುದ್ರದ ನೀರನ್ನು ಮಡಿಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲು, ಗಾಳಿ ನೀರನ್ನು ಒಯ್ಯುತ್ತವೆ, ಉಪ್ಪು ಉಳಿಯುತ್ತದೆ. ಮತ್ತೆ ಸಮುದ್ರದ ನೀರು ಬಿಟ್ಟರೆ ಇನ್ನೂ ಉಪ್ಪು. ನಮ್ಮ ಪಡಸಾಲೆಯಲ್ಲಿ ಆದದ್ದೂ ಅದೇ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಎಂಟು ದಿನಕ್ಕೆ 16 ಲೀಟರ್ ಅಂದರೆ 560 ಗ್ರಾಂ ಹೆಚ್ಚಿನ ಉಪ್ಪು. ಲೀಟರಿಗೆ 35 ಇದ್ದದ್ದು 38 ದಾಟಿ 39ರ ಹತ್ತಿರ ಹೋಗಿತ್ತು. ಮೀನು ತಡೆದುಕೊಂಡವು. ಸಿಗಡಿ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಅವ್ವ ಎರಡು ದಿನ ಟ್ಯಾಂಕಿನ ಕಡೆ ನೋಡಲಿಲ್ಲ. ತಪ್ಪು ಅವಳದಲ್ಲ, ಹೇಳದೆ ಹೋದ ನನ್ನದು.

ಹಾಗಾಗಿ ಮೊದಲ ಮಾತು ಇದು. ಆರಿಹೋಗುವುದು ಬರೀ ನೀರು, ತಿರುಗಿ ಹಾಕಬೇಕಾದದ್ದೂ ಬರೀ ನೀರು. ಅದೂ ಸ್ವಲ್ಪ ಸ್ವಲ್ಪವಾಗಿ. ನಾಲ್ಕು ದಿನ ಬಿಟ್ಟು ಒಮ್ಮೆಲೇ ಎಂಟು ಲೀಟರ್ ಸುರಿದರೆ ಉಪ್ಪು 37ಕ್ಕೆ ಏರಿ ಗಳಿಗೆಯಲ್ಲಿ 35ಕ್ಕೆ ಇಳಿಯುತ್ತದೆ. ಸಮುದ್ರದ ಜೀವಿಗಳಿಗೆ ಈ ಏರಿಳಿತ ಅಭ್ಯಾಸವಿಲ್ಲ. ದಿನಕ್ಕೆ ಹತ್ತಾರು ಸಲ, ಒಂದೊಂದು ಲೋಟದಷ್ಟು ಹಾಕುವ ಕೈ ಬೇಕು. ಆ ಕೆಲಸಕ್ಕೆ ಯಂತ್ರವೇ ಸರಿ.

ಯಂತ್ರ ಅಂದರೆ ದೊಡ್ಡದೇನಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ಇಟ್ಟವರಿಗೆ ಅದರೊಳಗಿನ ತೇಲುವ ಚೆಂಡು ಗೊತ್ತು. ನೀರು ಇಳಿದರೆ ಚೆಂಡು ಇಳಿಯುತ್ತದೆ, ನೀರು ಬರುತ್ತದೆ. ಅದೇ ಲೆಕ್ಕ. ಟ್ಯಾಂಕಿನ ಕೆಳಗೆ ಇನ್ನೊಂದು ಚಿಕ್ಕ ಗಾಜಿನ ಪೆಟ್ಟಿಗೆ ಇರುತ್ತದೆ, ಅದಕ್ಕೂ ಸಂಪ್ ಅಂತಲೇ ಹೆಸರು. ಮೇಲಿನ ಟ್ಯಾಂಕಿನ ನೀರು ಯಾವಾಗಲೂ ಒಂದೇ ಮಟ್ಟದಲ್ಲಿದ್ದು ಸಂಪಿಗೆ ಬೀಳುತ್ತಿರುತ್ತದೆ. ಅದನ್ನು ಮೇಲಕ್ಕೆ ಕಳಿಸುವ ಪಂಪ್ ಇರುವ ಖಾನೆಯಲ್ಲೇ ನೀರು ಕಡಿಮೆಯಾದದ್ದು ಕಾಣುವುದು. ಆ ಚೆಂಡಿನ ಹಾಗೆಯೇ ನೀರಿನ ಜೊತೆ ಏರಿಳಿಯುವ ಫ್ಲೋಟ್ ಸ್ವಿಚ್ ಅಲ್ಲಿ ಕೂರಿಸಬೇಕು. ಪಕ್ಕದಲ್ಲಿ ಸಿಹಿನೀರಿನ ಕ್ಯಾನ್, ಅದರಲ್ಲಿ 12 ವೋಲ್ಟಿನ ಚಿಕ್ಕ ಪಂಪ್. ಫ್ಲೋಟ್ ಇಳಿದರೆ ಪಂಪ್ ಶುರು, ಏರಿದರೆ ಬಂದ್. ಹಿತ್ತಾಳೆಯ ಬಾಲ್ ವಾಲ್ವ್ ಮಾತ್ರ ಹತ್ತಿರ ತರಬೇಡಿ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಸಿಗಡಿಗೂ ಬಸವನಹುಳುವಿಗೂ ಅದು ವಿಷ. ಏನಿದ್ದರೂ ಪ್ಲಾಸ್ಟಿಕ್ಕೇ ಇರಲಿ.

ನಾನು ಮೊದಲು ಮಾಡಿದಾಗ ಫ್ಲೋಟಿನ ಎರಡು ವೈರನ್ನು ನೇರವಾಗಿ ಪಂಪಿಗೆ ಜೋಡಿಸಿದ್ದೆ. ಮೂರು ವಾರ ಚೆನ್ನಾಗಿ ನಡೆಯಿತು. ಒಂದು ರಾತ್ರಿ ಪಂಪ್ ಶುರುವಾದದ್ದು ನಿಲ್ಲಲೇ ಇಲ್ಲ. ಫ್ಲೋಟ್ ಒಳಗೆ ಅಯಸ್ಕಾಂತಕ್ಕೆ ಕೂಡಿಕೊಳ್ಳುವ ಎರಡು ತೆಳು ಲೋಹದ ಪಟ್ಟಿಗಳಿರುತ್ತವೆ. ಪಂಪ್ ಶುರುವಾಗುವಾಗ ಎಳೆಯುವ ಕರೆಂಟ್ ಆ ಪಟ್ಟಿಗಳಿಗೆ ಜಾಸ್ತಿ. ಕಿಡಿ ಹಾರಿ ಹಾರಿ ಕೊನೆಗೆ ಎರಡೂ ಬೆಸೆದುಕೊಂಡಿದ್ದವು. ಬೆಳಗ್ಗೆ ಎದ್ದರೆ 20 ಲೀಟರಿನ ಕ್ಯಾನ್ ಖಾಲಿ, ಸಂಪ್ ಕಂಠಮಟ್ಟ, ಉಪ್ಪು 31. ಆ ದಿನ ಮೀನನ್ನು ಉಳಿಸಿದ್ದು ಕ್ಯಾನ್ ಚಿಕ್ಕದಿತ್ತು ಅನ್ನುವ ಒಂದೇ ಸಂಗತಿ. ಅದನ್ನೇ ಛಾವಣಿಯ ಟ್ಯಾಂಕಿನ ಪೈಪಿಗೆ ಜೋಡಿಸಿದ್ದರೆ ಮನೆ ತುಂಬ ನೀರು, ಟ್ಯಾಂಕಿನಲ್ಲಿ ಒಂದು ಜೀವವೂ ಉಳಿಯುತ್ತಿರಲಿಲ್ಲ. ದಯವಿಟ್ಟು ಇದನ್ನು ನೆನಪಿಡಿ. ಮುಗಿಯದ ನೀರಿಗೆ ಈ ಯಂತ್ರವನ್ನು ಎಂದೂ ಜೋಡಿಸಬೇಡಿ. ಕ್ಯಾನಿನ ನೀರೆಲ್ಲ ಒಮ್ಮೆಗೇ ಬಂದರೂ ಸಂಪಿನಲ್ಲಿ ಜಾಗ ಇರಬೇಕು. ಕರೆಂಟ್ ಹೋದಾಗ ಮೇಲಿನಿಂದ ಇಳಿದು ಬರುವ ನೀರಿಗೂ ಜಾಗ ಬಿಡಬೇಕು.

ಈಗ ಫ್ಲೋಟಿನ ಮತ್ತು ಪಂಪಿನ ನಡುವೆ ರಿಲೇ ಅನ್ನುವ ಇನ್ನೊಂದು ಸ್ವಿಚ್ ಇದೆ. ಫ್ಲೋಟಿನಲ್ಲಿ ಅತಿ ಕಡಿಮೆ ಕರೆಂಟ್ ಹರಿಯುತ್ತದೆ, ಪಂಪಿನ ಭಾರವನ್ನು ರಿಲೇ ಹೊರುತ್ತದೆ. ಮೂರು ಸೆಂಟಿಮೀಟರ್ ಮೇಲೆ ಎರಡನೆಯ ಫ್ಲೋಟ್ ಇದೆ. ಕೆಳಗಿನದು ಕೈಕೊಟ್ಟರೆ ಅದು ಪಂಪಿನ ಕರೆಂಟನ್ನೇ ಕಡಿಯುತ್ತದೆ. ಜೊತೆಗೆ ಟೈಮರ್. ಪಂಪ್ ಎರಡು ನಿಮಿಷಕ್ಕಿಂತ ಹೆಚ್ಚು ಓಡಿದರೆ ತಾನೇ ನಿಲ್ಲುತ್ತದೆ. ಪೈಪಿನ ತುದಿಯನ್ನು ಕ್ಯಾನಿನ ತುಂಬಿದ ಮಟ್ಟಕ್ಕಿಂತ ಎತ್ತರದಲ್ಲಿ ಕಟ್ಟಿದ್ದೇನೆ. ಇಲ್ಲದಿದ್ದರೆ ಪಂಪ್ ನಿಂತ ಮೇಲೂ ಸೈಫನ್ ಆಗಿ ನೀರು ಸುಮ್ನೆ ಹರಿಯುತ್ತಲೇ ಇರುತ್ತದೆ. ಬಸವನಹುಳು ಹತ್ತಿ ಫ್ಲೋಟ್ ಹಿಡಿದುಕೊಳ್ಳದ ಹಾಗೆ ತೂತಿನ ಪ್ಲಾಸ್ಟಿಕ್ ಬುಟ್ಟಿ ಮುಚ್ಚಿದ್ದೇನೆ.

ಇನ್ನು ಆ ಸಿಹಿನೀರು. ನಮಗೆ ಮಲಪ್ರಭೆಯ ನೀರು ನಳದಲ್ಲಿ ಬಂದ ದಿನ ಹಬ್ಬ. ಆದರೂ ಅದನ್ನು ಹಾಗೇ ಹಾಕುವ ಹಾಗಿಲ್ಲ, ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿದ ಲವಣ, 300 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಹಾಕಿದರೆ ವರ್ಷಕ್ಕೆ 219 ಗ್ರಾಂ ಬೇಡದ ಲವಣ ಟ್ಯಾಂಕಿನಲ್ಲಿ ಕೂಡಿಕೊಳ್ಳುತ್ತದೆ, ಅದೂ ಆರಿಹೋಗುವುದಿಲ್ಲ. ಅಡುಗೆಮನೆಯ ಆರ್‌ಒ ನೀರು ಇದಕ್ಕಿಂತ ಎಷ್ಟೋ ಮೇಲು. ಆದರೆ ರುಚಿಗೆ ಖನಿಜ ಬೆರೆಸುವ ಆರ್‌ಒ ಯಂತ್ರಗಳಿವೆ, ಟಿಡಿಎಸ್ ಮೀಟರ್ ಹಿಡಿದು ನೋಡಿ. ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರಾಳದ ಕೊಳವೆಯಲ್ಲಿ ಹಾಯಿಸಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ನಾನು ವಾರಕ್ಕೊಮ್ಮೆ ಆ ನೀರಿನಿಂದ ಕ್ಯಾನ್ ತುಂಬಿಸುತ್ತೇನೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ನೀರು ನಿಧಾನವಾಗಿ ಆರುತ್ತದೆ, ಆಗ ಅದೇ ಕ್ಯಾನ್ ಎರಡು ವಾರ ಬರುತ್ತದೆ.

ಊರಿಗೆ ಹೊರಡುವ ಮುಂಚೆ ನಾನು ತಪ್ಪದೆ ಮಾಡುವ ಒಂದು ಕೆಲಸ ಇದೆ. ಕೆಳಗಿನ ಫ್ಲೋಟನ್ನು ಬೆರಳಿನಿಂದ ಒತ್ತಿ ಹಿಡಿಯುತ್ತೇನೆ, ಪಂಪ್ ಶುರುವಾಗಬೇಕು. ಹಾಗೇ ಹಿಡಿದುಕೊಂಡು ಇನ್ನೊಂದು ಕೈಯಿಂದ ಮೇಲಿನ ಫ್ಲೋಟ್ ಎತ್ತುತ್ತೇನೆ, ಪಂಪ್ ನಿಲ್ಲಬೇಕು. ಉಪ್ಪು ಕಟ್ಟಿದ್ದರೆ ಫ್ಲೋಟನ್ನು ವಿನೆಗರಿನಲ್ಲಿ ನೆನೆಸಿ ತೊಳೆಯುತ್ತೇನೆ. ಇದನ್ನು ಹೊರಡುವ ದಿನ ಮಾಡುವುದಿಲ್ಲ, ಒಂದು ವಾರ ಮೊದಲೇ ಮಾಡುತ್ತೇನೆ. ಏನಾದರೂ ಕೆಟ್ಟಿದ್ದರೆ ಸರಿಮಾಡಿ, ನಾಲ್ಕು ದಿನ ಕಣ್ಣೆದುರೇ ಓಡಿಸಿ ನೋಡಲು ಸಮಯ ಸಿಗುತ್ತದೆ.

ನಮಸ್ಕಾರ.