ಕೀಬೋರ್ಡಿನೊಳಗೆ ತಮಟೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಅದೂ ಬಸವನಗುಡಿಯಲ್ಲಿ, ದೋಸೆ ಕ್ಯೂ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ತಾಳದ ಹುಚ್ಚು ಜಾಸ್ತಿಯೇ ಇರಬೇಕು.

ಮೊದಲು ನನ್ನದೊಂದು ಫಜೀತಿ. ಒಂದು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಪ್ಯಾಡ್ ಬಾರಿಸುವವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ಮಾಡಿಟ್ಟುಕೊಂಡಿದ್ದ ರಿದಮ್ ಇದೆಯಲ್ಲ ಅಂತ ಧೈರ್ಯವಾಗಿ ಸ್ಟಾರ್ಟ್ ಒತ್ತಿದೆ. ಡ್ರಮ್ ಬರಲಿಲ್ಲ. ಪಿಯಾನೋದ ತಗ್ಗು ಸ್ವರಗಳು ದಡಬಡ ಅಂತ ಬಂದವು, ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದ ಹಾಗೆ. ಮುಂದೆ ಕೂತಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು.

ತಪ್ಪು ನನ್ನದೇ. 1991ರ ಜನರಲ್ ಮಿಡಿ ಅಂದರೆ ವಾದ್ಯಗಳಿಗೂ ಸ್ವರಗಳಿಗೂ ನಂಬರ್ ಕೊಡುವ ಪದ್ಧತಿ. ಅದರಲ್ಲಿ 10ನೇ ಚಾನೆಲ್ ತಾಳವಾದ್ಯಕ್ಕೆ ಮೀಸಲು. ಅಲ್ಲಿ 36ನೇ ನೋಟ್ ಅಂದರೆ ಕಿಕ್, ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್; 38 ಅಂದರೆ ಸ್ನೇರ್, ಚುರುಕು ದನಿಯ ಚಿಕ್ಕ ಡ್ರಮ್; 42 ಮುಚ್ಚಿದ ಹೈಹ್ಯಾಟ್, ಅಂದರೆ ಜೋಡಿ ತಾಳದ ತಟ್ಟೆ. ಅದೇ 36 ಇನ್ನೊಂದು ಚಾನೆಲ್‌ಗೆ ಹೋದರೆ ಬರೀ ಒಂದು ತಗ್ಗು ಸ್ವರ. ನಾನು ಟ್ರ್ಯಾಕನ್ನು 1ನೇ ಚಾನೆಲ್‌ಗೆ ಕಾಪಿ ಮಾಡಿದ್ದೆ. ಅಲ್ಲಿ ಪಿಯಾನೋ ಕೂತಿತ್ತು.

ಇರಲಿ. ಇವತ್ತಿನ ವಿಷಯ, ಕೀಬೋರ್ಡಿನಲ್ಲೇ ಬರುವ ರೆಡಿ ಡ್ರಮ್ ಕಿಟ್ ಬಿಟ್ಟು ಪೆಟ್ಟಿನ ದನಿಯನ್ನು ನಾವೇ ಕಟ್ಟುವುದು. ಯಾವುದೇ ಚರ್ಮವಾದ್ಯವನ್ನು ಕಿವಿಗೊಟ್ಟು ಕೇಳಿ. ಮೊದಲು ಪೆಟ್ಟು, ಆಮೇಲೆ ಗುಂಗು. ಈ ಎರಡನ್ನೂ ಬೇರೆ ಬೇರೆ ಮಾಡಿಕೊಂಡು ಸೇರಿಸಬೇಕು.

ಕಿಕ್‌ನಿಂದ ಶುರು ಮಾಡೋಣ. ಒಂದು ಸೈನ್ ವೇವ್, ಅಂದರೆ ಒಂದೇ ಸ್ವರದ ಶುದ್ಧ ದನಿ, ತೆಗೆದುಕೊಂಡು 50 ಹರ್ಟ್ಸ್‌ಗೆ ಇಡುತ್ತೇನೆ. ಅಟ್ಯಾಕ್, ಅಂದರೆ ದನಿ ಏರುವ ಹೊತ್ತು, ಸೊನ್ನೆ. ಸಸ್ಟೇನ್, ಅಂದರೆ ಹಿಡಿದು ನಿಲ್ಲುವ ಮಟ್ಟ, ಸೊನ್ನೆ. ಡಿಕೇ, ಅಂದರೆ ದನಿ ಆರುವ ಹೊತ್ತು, 300 ಮಿಲಿಸೆಕೆಂಡ್. ಕೇಳಿ. ಬೂಂ ಅನ್ನುತ್ತದೆ, ಆದರೆ ಯಾರೂ ಹೊಡೆದ ಹಾಗಿಲ್ಲ ಅಲ್ವಾ? ಈಗ ಸ್ವರವನ್ನು ಹೊತ್ತಿಗೆ ತಕ್ಕಂತೆ ಜಾರಿಸುವ ಪಿಚ್ ಎನ್ವಲಪ್ ಹಾಕುತ್ತೇನೆ. ಸ್ವರ 200 ಹರ್ಟ್ಸ್‌ನಲ್ಲಿ ಹುಟ್ಟಿ, 50 ಮಿಲಿಸೆಕೆಂಡಿನಲ್ಲಿ 50ಕ್ಕೆ ಬೀಳಲಿ. ಧುಮ್! ಈಗ ಯಾರೋ ಹೊಡೆದರು. ಜೋರಾಗಿ ಹೊಡೆದಾಗ ಚರ್ಮ ಹಿಗ್ಗಿ ಒಂದು ಕ್ಷಣ ಬಿಗಿಯಾಗುತ್ತದೆ. ಅದಕ್ಕೇ ಸ್ವರ ಮೇಲಿಂದ ಜಾರುತ್ತದೆ. ನಿಜವಾದ ಡ್ರಮ್ಮಿನಲ್ಲಿ ಜಾರುವುದು ಇಷ್ಟಲ್ಲ. ನಾವು ಉಪ್ಪು ಸ್ವಲ್ಪ ಜಾಸ್ತಿ ಹಾಕಿದ್ದೇವೆ.

1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಅನ್ನುವ ಡ್ರಮ್ ಮಷೀನ್ ಕೂಡ ಹೀಗೆ ಸರ್ಕ್ಯೂಟ್‌ನಿಂದಲೇ ದನಿ ಕಟ್ಟುತ್ತಿತ್ತು. ಅದರ ಹೈಹ್ಯಾಟಿಗೆ ಆರು ಸ್ಕ್ವೇರ್ ವೇವ್ ಬೆರೆಸಿ ಫಿಲ್ಟರ್ ಮಾಡುತ್ತಿದ್ದರು. ಅದೇ ವರ್ಷದ ಲಿನ್ ಎಲ್ಎಂ-1 ಹಿಡಿದದ್ದು ಬೇರೆ ದಾರಿ: ನಿಜವಾದ ಡ್ರಮ್ಮಿನ ರೆಕಾರ್ಡಿಂಗನ್ನೇ ಚಿಪ್ಪಿನಲ್ಲಿ ತುಂಬಿಟ್ಟಿತು. ನಮ್ಮ ಇವತ್ತಿನ ಕೀಬೋರ್ಡುಗಳ ರೆಡಿ ಕಿಟ್ ಹೆಚ್ಚಾಗಿ ಈ ಎರಡನೆಯ ಜಾತಿ.

ಮೃದಂಗಕ್ಕೆ ಈ ಕಿಕ್ ಉಪಾಯ ಸಾಲದು. ಬರೀ ಚರ್ಮ ಬಿಗಿದರೆ ಮೇಲಿನ ಸ್ವರಗಳು ಮೂಲದ 1.59, 2.14, 2.30 ಪಟ್ಟು ಬರುತ್ತವೆ. ಶ್ರುತಿಗೆ ಕೂರುವುದಿಲ್ಲ. ಬಲಗಡೆಯ ಕರಣೆ, ಅಂದರೆ ಚರ್ಮದ ನಡುವೆ ಮೆತ್ತಿದ ಕಪ್ಪು ಬಿಲ್ಲೆ, ಅವನ್ನು ಎಳೆದು 2, 3, 4 ಪಟ್ಟಿನ ಹತ್ತಿರ ತರುತ್ತದೆ. ಇದನ್ನು ತೋರಿಸಿದವರು ಸಿ.ವಿ. ರಾಮನ್. 1920ರಲ್ಲೇ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮತ್ತೆ ವಿವರವಾಗಿ ಬರೆದರು. ಹಾಗಾಗಿ ಮೃದಂಗಕ್ಕೆ ನಾಲ್ಕೈದು ಸೈನ್ ವೇವ್ ಜೋಡಿಸಿ, ಮೇಲಿನವು ಬೇಗ ಆರುವ ಹಾಗೆ ಮಾಡಿ. ಆದರೂ ಚಾಪು ಅನ್ನುವ ಪೆಟ್ಟು ಬರುವುದಿಲ್ಲ. ನಾನು ಸೋತು ಬಿಟ್ಟಿದ್ದೇನೆ.

ತಮಟೆ ಒಲಿಯುತ್ತದೆ. ನನ್ನ ಲೆಕ್ಕ ಹೇಳುತ್ತೇನೆ, ನಿಮ್ಮ ಕಿವಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ. ಗುಂಗಿಗೆ 280 ಹರ್ಟ್ಸ್ ಸೈನ್, ಡಿಕೇ 120 ಮಿಲಿಸೆಕೆಂಡ್. ಕೋಲಿನ ಪೆಟ್ಟಿಗೆ ನಾಯ್ಸ್, ಅಂದರೆ ಸ್ವರವಿಲ್ಲದ ಬರೀ ಸ್‌ಸ್ ಸದ್ದು. 2000 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಹಾಕಿ ತೆಗೆಯಿರಿ, ಡಿಕೇ 30 ಸಾಕು. ಮೆರವಣಿಗೆಯಲ್ಲಿ ತಮಟೆಯನ್ನು ಬೆಂಕಿಗೆ ಹಿಡಿಯುವುದನ್ನು ನೋಡಿರುತ್ತೀರಿ. ತೇವ ಆರಿ ಚರ್ಮ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಹೊತ್ತು ಹೋದಂತೆ ಮತ್ತೆ ಸಡಿಲ. ಅದಕ್ಕೆ ನಾನು ಹಾಡಿನ ಉದ್ದಕ್ಕೂ ಟ್ಯೂನಿಂಗನ್ನು ಕೂದಲೆಳೆಯಷ್ಟು ಇಳಿಸುತ್ತಾ ಹೋಗುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅದನ್ನು ತೆಗೆದರೆ "ಏನೋ ಕಮ್ಮಿ ಆಯ್ತು" ಅನ್ನುತ್ತಾರೆ.

ದನಿ ಎಷ್ಟೇ ಚೆನ್ನಾಗಿರಲಿ, ಎಲ್ಲ ಪೆಟ್ಟನ್ನೂ ವೆಲಾಸಿಟಿ, ಅಂದರೆ ಪೆಟ್ಟಿನ ಜೋರು, 100ರಲ್ಲಿ ಇಟ್ಟರೆ ಹೊಲಿಗೆ ಮಷೀನ್ ಆಗುತ್ತದೆ. 1ರಿಂದ 127ರ ತನಕ ಜಾಗ ಇದೆ, ಸುಮ್ನೆ ಯಾಕೆ ಬಿಡಬೇಕು? ಏಳೆಣಿಕೆಯ ಮಿಶ್ರ ಛಾಪು ತಾಳಕ್ಕೆ ಟೈಮ್ ಸಿಗ್ನೇಚರನ್ನು ಮೊದಲೇ 7/8ಕ್ಕೆ ಇಟ್ಟು, ತಕಿಟದ ಮೊದಲ 'ತ'ಗೆ 115, ತಕದಿಮಿಯ 'ತ'ಗೆ 95, ಉಳಿದವಕ್ಕೆ 60ರ ಆಸುಪಾಸು ಕೊಟ್ಟು ನೋಡಿ. ಜೋರು ಪೆಟ್ಟಿಗೆ ಫಿಲ್ಟರ್ ಕೂಡ ಹೆಚ್ಚು ತೆರೆಯಲಿ. ಪೆಟ್ಟುಗಳನ್ನೆಲ್ಲ ಲೆಕ್ಕಕ್ಕೆ ಸರಿಯಾಗಿ ಕೂರಿಸಿಬಿಡುವ ಕ್ವಾಂಟೈಸ್ ಬಟನ್‌ನಿಂದ ಕೈ ದೂರ ಇಡಿ. ಪೆಟ್ಟುಗಳನ್ನು ಬರೆದಿಟ್ಟು ನುಡಿಸುವ ಸೀಕ್ವೆನ್ಸರಿನಲ್ಲಿ ಒಂದು ಬೀಟಿಗೆ 480 ಟಿಕ್ ಇದ್ದರೆ, ನಿಮಿಷಕ್ಕೆ 120 ಬೀಟಿನ ಟೆಂಪೋಗೆ, ಒಂದು ಟಿಕ್ ಅಂದರೆ ಸುಮಾರು ಒಂದು ಮಿಲಿಸೆಕೆಂಡ್. ಹತ್ತು ಟಿಕ್ ಹಿಂದೆ ಮುಂದೆ ಆದರೆ ಏನೂ ಮುಳುಗುವುದಿಲ್ಲ.

ಈಗ ಎಲ್ಲರೂ ಒಟ್ಟಿಗೆ ಒಂದು ಚಪ್ಪಾಳೆ ತಟ್ಟಿ. ಕೇಳಿಸಿತಾ? ಒಟ್ಟಿಗೆ ಅಂದರೂ ಒಟ್ಟಿಗೆ ಬೀಳಲಿಲ್ಲ. 808ರ ಚಪ್ಪಾಳೆಯ ಗುಟ್ಟೂ ಇದೇ: ಹತ್ತು ಮಿಲಿಸೆಕೆಂಡಿನಷ್ಟು ಅಂತರದಲ್ಲಿ ನಾಯ್ಸಿನ ಮೂರ್ನಾಲ್ಕು ಚೂರು, ಕೊನೆಗೊಂದು ಬಾಲ. ಇನ್ನೊಮ್ಮೆ ತಟ್ಟಿ, ಈ ಸಲ ರೆಕಾರ್ಡ್ ಒತ್ತಿದ್ದೇನೆ. ಇದರ ಮೇಲೆ ತಮಟೆ ಕೂರಿಸೋಣ. ಚಾನೆಲ್ ನಂಬರ್ ನೋಡಿಕೊಂಡಿದ್ದೇನೆ, ಹೆದರಬೇಡಿ.